ಋತುಬಂಧದ ನಂತರದ ಹಾರ್ಮೋನ್ ಪರೀಕ್ಷೆ ಮತ್ತು ಚಿಕಿತ್ಸೆ: ವರದಿಯ ಅಂಕಿಗಳನ್ನು ಓದುವುದು ಹೇಗೆ?

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಪ್ರಕಟಣೆ ಹೊರಡಿಸಿತು. ಋತುಬಂಧದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಔಷಧಗಳ ಮೇಲೆ 2003ರಿಂದ ಅಚ್ಚಾಗುತ್ತಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯಿಂದ ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆವಿನ ಕಾಯಿಲೆಯ ಉಲ್ಲೇಖಗಳನ್ನು ತೆಗೆಸುವುದಾಗಿ ಅದು ಹೇಳಿತು. ಎರಡು ದಶಕ ಹೆದರಿಕೆಯಿಂದ ದೂರ ಇಟ್ಟಿದ್ದ ಚಿಕಿತ್ಸೆಯ ಬಗ್ಗೆ ಮತ್ತೆ ಮಾತು ಶುರುವಾಗಿದೆ. ಅದರ ಜೊತೆಗೇ ಹತ್ತಾರು ಹಾರ್ಮೋನ್‌ಗಳನ್ನು ಒಟ್ಟಿಗೆ ಅಳೆದುಕೊಡುವ ರಕ್ತಪರೀಕ್ಷೆಗಳ ಜಾಹೀರಾತುಗಳೂ ಹೆಚ್ಚಿವೆ.

ಹಾಗೆ ಪರೀಕ್ಷೆ ಮಾಡಿಸಿದ ಐವತ್ತೈದರ ಮಹಿಳೆಯ ವರದಿಯಲ್ಲಿ ಒಂದು ಅಂಕಿ ತೀರಾ ಹೆಚ್ಚು, ಇನ್ನೊಂದು ತೀರಾ ಕಡಿಮೆ ಎಂದು ಕೆಂಪು ಗುರುತು ಬಿದ್ದಿರಬಹುದು. ಓದಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಎರಡೂ ಅಂಕಿಗಳು ಆಕೆಯ ವಯಸ್ಸಿಗೆ ತಕ್ಕ ಹಾಗೆಯೇ ಇರುವ ಸಾಧ್ಯತೆ ಹೆಚ್ಚು. ಅವುಗಳ ಆಧಾರದ ಮೇಲೆ ಚಿಕಿತ್ಸೆ ಬೇಕು ಎಂದಾಗಲಿ, ಬೇಡ ಎಂದಾಗಲಿ ನಿರ್ಧರಿಸಲು ಬಹುತೇಕ ಬರುವುದಿಲ್ಲ. ಹಾಗಾದರೆ ನಿರ್ಧಾರ ಯಾವುದರ ಮೇಲೆ ನಿಂತಿದೆ, ಪರೀಕ್ಷೆ ಯಾರಿಗೆ ನಿಜವಾಗಿ ಬೇಕು ಎಂಬುದನ್ನು ಬುಡದಿಂದ ನೋಡೋಣ.

ಮುಟ್ಟು ನಿಲ್ಲುವಾಗ ಆಗುವುದೇನು?

ಹುಟ್ಟುವಾಗ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳಿರುತ್ತವೆ. ಪ್ರತಿಯೊಂದು ಅಂಡವೂ ಒಂದು ಪುಟ್ಟ ಕೋಶಕದೊಳಗೆ ಕುಳಿತಿರುತ್ತದೆ. ಪ್ರತಿ ತಿಂಗಳು ಬೆಳೆಯುವ ಕೋಶಕಗಳೇ ಎಸ್ಟ್ರಾಡಯಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಈಸ್ಟ್ರೊಜೆನ್ ಎಂದು ಕರೆಯುವ ಗುಂಪಿನಲ್ಲಿ ಅತಿ ಪ್ರಬಲವಾದದ್ದು ಇದು. ಅಂಡ ಹೊರಬಂದ ಮೇಲೆ ಉಳಿದ ಕೋಶಕ ಪ್ರೊಜೆಸ್ಟೆರಾನ್ ತಯಾರಿಸುತ್ತದೆ. ವಯಸ್ಸಾದಂತೆ ಈ ದಾಸ್ತಾನು ಕರಗುತ್ತಾ ಹೋಗಿ, ಐವತ್ತರ ಆಸುಪಾಸಿನಲ್ಲಿ ಸಾವಿರದಷ್ಟಕ್ಕೆ ಇಳಿಯುತ್ತದೆ. ಬೆಳೆಯುವ ಕೋಶಕಗಳಿಲ್ಲದಿದ್ದರೆ ಎಸ್ಟ್ರಾಡಯಾಲ್ ಇಲ್ಲ, ಮುಟ್ಟೂ ಇಲ್ಲ.

ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ, ಅದಕ್ಕೆ ಬೇರೆ ಕಾರಣವೂ ಇಲ್ಲದಿದ್ದರೆ, ಋತುಬಂಧವಾಯಿತು ಎನ್ನುತ್ತಾರೆ. ಬಹುತೇಕ ಮಹಿಳೆಯರಲ್ಲಿ ಇದು 45ರಿಂದ 55 ವರ್ಷದೊಳಗೆ ಆಗುತ್ತದೆ. 40ರಿಂದ 45ರ ನಡುವೆ ಆದರೆ ಬೇಗ ಬಂದ ಋತುಬಂಧ. 40ಕ್ಕೂ ಮೊದಲು ಅಂಡಾಶಯ ಸೋತರೆ ಅದನ್ನು ಬೇರೆಯೇ ಸಮಸ್ಯೆಯಾಗಿ ನೋಡಬೇಕಾಗುತ್ತದೆ.

ಈ ಕಥೆಯಲ್ಲಿ ಮೆದುಳಿಗೂ ಪಾತ್ರವಿದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ‘ಕೋಶಕ ಬೆಳೆಸು’ ಎಂದು ಅಂಡಾಶಯಕ್ಕೆ ಸೂಚನೆ ಕಳುಹಿಸುತ್ತದೆ. ಅಂಡಾಶಯದಿಂದ ಸಾಕಷ್ಟು ಉತ್ತರ ಬಂದರೆ ಸೂಚನೆಯ ಪ್ರಮಾಣ ತಗ್ಗುತ್ತದೆ, ಬಾರದಿದ್ದರೆ ಏರುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ತಿಂಗಳ ಬಹುಪಾಲು ಹತ್ತರ ಒಳಗಿರುವ ಎಫ್‌ಎಸ್‌ಎಚ್ ಅಂಕಿ ಋತುಬಂಧದ ನಂತರ ಮೂವತ್ತು ದಾಟಿ ನೂರರ ಹತ್ತಿರಕ್ಕೂ ಹೋಗಬಹುದು. ತಿಂಗಳ ನಡುವೆ ಒಂದು ಮಿಲಿಲೀಟರ್ ರಕ್ತದಲ್ಲಿ 200ರಿಂದ 400 ಪಿಕೋಗ್ರಾಂ ಮುಟ್ಟುತ್ತಿದ್ದ ಎಸ್ಟ್ರಾಡಯಾಲ್ ಸಾಮಾನ್ಯವಾಗಿ 20ಕ್ಕಿಂತ ಕೆಳಗಿಳಿಯುತ್ತದೆ. ವರದಿಯಲ್ಲಿ ಕಂಡ ಕೆಂಪು ಗುರುತುಗಳಿಗೆ ಕಾರಣ ಇಷ್ಟೇ: ಪ್ರಯೋಗಾಲಯ ಆಕೆಯ ಅಂಕಿಗಳನ್ನು ಮುಟ್ಟಾಗುವ ವಯಸ್ಸಿನವರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿರುತ್ತದೆ.

ಅಂಡಾಶಯ ನಿಂತರೂ ಹಾರ್ಮೋನ್ ಪೂರ್ತಿ ನಿಲ್ಲುವುದಿಲ್ಲ

ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಡಿಎಚ್‌ಇಎ ಮತ್ತು ಆಂಡ್ರೊಸ್ಟೀನ್‌ಡಯೋನ್ ಎಂಬ ಕಚ್ಚಾ ಹಾರ್ಮೋನ್‌ಗಳನ್ನು ಮುಂದೆಯೂ ತಯಾರಿಸುತ್ತಿರುತ್ತವೆ. ಅಂಡಾಶಯವೂ ಸ್ವಲ್ಪ ಟೆಸ್ಟೊಸ್ಟೆರಾನ್ ತಯಾರಿಸುತ್ತಲೇ ಇರುತ್ತದೆ. ದೇಹದ ಕೊಬ್ಬು, ಸ್ನಾಯು, ಮೂಳೆ, ಚರ್ಮ, ಮೆದುಳುಗಳಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಈ ಕಚ್ಚಾ ವಸ್ತುವನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ. ಹೀಗೆ ಹುಟ್ಟುವುದರಲ್ಲಿ ಹೆಚ್ಚಿನದು ಎಸ್ಟ್ರೋನ್, ಎಸ್ಟ್ರಾಡಯಾಲ್‌ಗಿಂತ ದುರ್ಬಲವಾದ ಈಸ್ಟ್ರೊಜೆನ್. ಮೈಯಲ್ಲಿ ಕೊಬ್ಬಿನಂಶ ಹೆಚ್ಚಿದ್ದವರಲ್ಲಿ ಇದರ ಪ್ರಮಾಣವೂ ಹೆಚ್ಚು. ಋತುಬಂಧದ ನಂತರ ಸ್ಥೂಲಕಾಯದವರಲ್ಲಿ ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರಿನ ಅಪಾಯ ಏರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮುಟ್ಟಾಗುವ ವಯಸ್ಸಿನಲ್ಲಿ ಈಸ್ಟ್ರೊಜೆನ್ ಅಂಡಾಶಯದಿಂದ ರಕ್ತಕ್ಕೆ ಬಂದು ದೇಹದೆಲ್ಲೆಡೆ ಹಂಚಿಕೆಯಾಗುತ್ತಿತ್ತು. ಋತುಬಂಧದ ನಂತರ ಅಂಗಾಂಶಗಳು ತಮಗೆ ಬೇಕಾದದ್ದನ್ನು ತಾವೇ ತಯಾರಿಸಿ, ಅಲ್ಲೇ ಬಳಸಿ, ಅಲ್ಲೇ ಮುಗಿಸುತ್ತವೆ. ಅದರಲ್ಲಿ ಸೋರಿ ಬಂದ ಸ್ವಲ್ಪ ಮಾತ್ರ ರಕ್ತದಲ್ಲಿ ಕಾಣುತ್ತದೆ. ಮೂಳೆಯೊಳಗೆ, ಮೆದುಳಿನೊಳಗೆ ಎಷ್ಟು ಹಾರ್ಮೋನ್ ಕೆಲಸ ಮಾಡುತ್ತಿದೆ ಎಂಬುದನ್ನು ತೋಳಿನಿಂದ ತೆಗೆದ ರಕ್ತ ಪೂರ್ತಿಯಾಗಿ ಹೇಳಲಾರದು.

ಹೆಚ್ಚಿನವರಿಗೆ ಪರೀಕ್ಷೆ ಏಕೆ ಬೇಡ?

45 ದಾಟಿದ ಮಹಿಳೆಗೆ ಮುಟ್ಟು ಏರುಪೇರಾಗಿ ಅಥವಾ ನಿಂತುಹೋಗಿ, ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ರಾತ್ರಿ ಬೆವರಿ ಎಚ್ಚರವಾಗುವುದು ಶುರುವಾದರೆ ಋತುಬಂಧವನ್ನು ಗುರುತಿಸಲು ಅಷ್ಟೇ ಸಾಕು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇಂಥವರಲ್ಲಿ ಎಫ್‌ಎಸ್‌ಎಚ್ ಪರೀಕ್ಷೆ ಮಾಡಬೇಡಿ ಎಂದೇ ವೈದ್ಯರಿಗೆ ಹೇಳುತ್ತದೆ.

ಕಾರಣ, ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷಗಳಲ್ಲಿ ಹಾರ್ಮೋನ್‌ಗಳು ಒಂದೇ ದಿಕ್ಕಿನಲ್ಲಿ ಇಳಿಯುವುದಿಲ್ಲ. ಒಂದು ವಾರ ಎಸ್ಟ್ರಾಡಯಾಲ್ ಹಿಂದೆಂದಿಗಿಂತ ಹೆಚ್ಚಿರಬಹುದು, ಮುಂದಿನ ತಿಂಗಳು ನೆಲ ಕಚ್ಚಿರಬಹುದು. ಇವತ್ತಿನ ಎಫ್‌ಎಸ್‌ಎಚ್ ಅಂಕಿ ‘ಮುಗಿಯಿತು’ ಎಂದರೆ, ಎರಡು ತಿಂಗಳ ನಂತರದ್ದು ‘ಇನ್ನೂ ಇದೆ’ ಎನ್ನಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಂಕಿ ಇನ್ನೂ ಹಾದಿ ತಪ್ಪಿಸುತ್ತದೆ. ಒಂದು ದಿನದ ಫಲಿತಾಂಶವನ್ನು ನಂಬಿ ‘ಇನ್ನು ಗರ್ಭ ನಿಲ್ಲುವುದಿಲ್ಲ’ ಎಂದುಕೊಳ್ಳುವುದೂ ಅಪಾಯಕಾರಿ.

ಮುಟ್ಟು ಪೂರ್ತಿ ನಿಂತು ಅಂಕಿಗಳು ಸ್ಥಿರವಾದ ಮೇಲಾದರೂ ಅವು ಉಪಯೋಗಕ್ಕೆ ಬರುತ್ತವೆಯೇ? ಅಲ್ಲಿಯೂ ತೊಡಕಿದೆ. ಎಸ್ಟ್ರಾಡಯಾಲ್ ಅಷ್ಟೇ ಕಡಿಮೆಯಿರುವ ಇಬ್ಬರಲ್ಲಿ ಒಬ್ಬರು ರಾತ್ರಿಯಿಡೀ ಬೆವರಿ ನಿದ್ರೆಗೆಟ್ಟಿರಬಹುದು, ಇನ್ನೊಬ್ಬರಿಗೆ ಏನೂ ಆಗದಿರಬಹುದು. ಮೈ ಬಿಸಿಯೇರುವುದರ ಮೂಲ ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿದೆ. ಅಲ್ಲಿನ ಕೆಲವು ನರಕೋಶಗಳನ್ನು ಈಸ್ಟ್ರೊಜೆನ್ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಅದು ಹಿಂದೆ ಸರಿದಾಗ ಈ ಕೋಶಗಳು ಊದಿಕೊಂಡು, ನ್ಯೂರೊಕೈನಿನ್ ಬಿ ಎಂಬ ರಾಸಾಯನಿಕದ ಮೂಲಕ ಪಕ್ಕದಲ್ಲಿರುವ ಉಷ್ಣ ನಿಯಂತ್ರಣ ಕೇಂದ್ರವನ್ನು ಕೆಣಕುತ್ತವೆ. ದೇಹದ ಉಷ್ಣತೆ ತುಸುವೇ ಏರಿದರೂ ಮೆದುಳು ಅದನ್ನು ಅತಿಯಾದ ಶಾಖ ಎಂದು ಬಗೆದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಈ ಕೇಂದ್ರದ ಸೂಕ್ಷ್ಮತೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ರಕ್ತದ ಅಂಕಿಯಲ್ಲಿ ಅದು ಕಾಣುವುದಿಲ್ಲ. ಹೀಗಾಗಿ ಎಸ್ಟ್ರಾಡಯಾಲ್ ಮಟ್ಟ ನೋಡಿ ಔಷಧದ ಪ್ರಮಾಣ ನಿರ್ಧರಿಸುವ ಪದ್ಧತಿಗೆ ಆಧಾರ ತೆಳುವಾಗಿದೆ.

ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದ ಪ್ರಕಾರ, ಪದೇ ಪದೇ ಮೈ ಬಿಸಿಯೇರುವ ತೊಂದರೆ ಇರುವ ಮಧ್ಯಾಂಕ ಅವಧಿ 7.4 ವರ್ಷ. ‘ಸ್ವಲ್ಪ ದಿನ ಸಹಿಸಿಕೊಳ್ಳಿ, ತಾನಾಗಿಯೇ ಹೋಗುತ್ತದೆ’ ಎನ್ನುವ ಮುನ್ನ ಈ ಅಂಕಿಯನ್ನು ನೆನಪಿಡಬೇಕು.

ಪರೀಕ್ಷೆ ನಿಜಕ್ಕೂ ಬೇಕಾಗುವುದು ಯಾರಿಗೆ?

40ರೊಳಗೆ ಮುಟ್ಟು ತಿಂಗಳುಗಟ್ಟಲೆ ನಿಂತವರಿಗೆ ಪರೀಕ್ಷೆ ಖಂಡಿತ ಬೇಕು. ಮೊದಲು ಗರ್ಭಧಾರಣೆ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ತೊಂದರೆಗಳನ್ನು ನೋಡಿ, ಎಫ್‌ಎಸ್‌ಎಚ್ ಅಳೆಯುತ್ತಾರೆ. ಅನುಮಾನ ಉಳಿದರೆ ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ ಅಳೆಯುತ್ತಾರೆ. ಅಂಡಾಶಯ ಅಕಾಲದಲ್ಲಿ ಸೋತಿದ್ದರೆ ಅದರ ಅರ್ಥ ದೂರಗಾಮಿ: ಮೂಳೆ ಮತ್ತು ಹೃದಯ ಹತ್ತಾರು ವರ್ಷ ಹೆಚ್ಚಾಗಿ ಈಸ್ಟ್ರೊಜೆನ್ ಕೊರತೆ ಅನುಭವಿಸಬೇಕಾಗುತ್ತದೆ. ಆದ್ದರಿಂದ ಮೈ ಬಿಸಿಯೇರುವ ತೊಂದರೆ ಇರಲಿ ಬಿಡಲಿ, ಬೇರೆ ಅಡ್ಡಿಗಳಿಲ್ಲದಿದ್ದರೆ ಋತುಬಂಧದ ಸಹಜ ವಯಸ್ಸಿನವರೆಗೆ ಹಾರ್ಮೋನ್ ಕೊಡುವಂತೆ ಮಾರ್ಗಸೂಚಿಗಳು ಹೇಳುತ್ತವೆ. ಇಲ್ಲಿ ಅದು ದೇಹದಲ್ಲಿ ಇರಬೇಕಾಗಿದ್ದ ಹಾರ್ಮೋನನ್ನು ಮರಳಿ ಕೊಡುವ ಕೆಲಸ. ಹಿರಿಯ ಮಹಿಳೆಯರ ಅಧ್ಯಯನಗಳಲ್ಲಿ ಕಂಡ ಅಪಾಯಗಳನ್ನು ಈ ಕಿರಿಯರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

40ರಿಂದ 45ರೊಳಗೆ ಲಕ್ಷಣಗಳು ಕಂಡವರಲ್ಲಿಯೂ ಎಫ್‌ಎಸ್‌ಎಚ್ ಸಹಾಯಕ. ಗರ್ಭಕೋಶ ತೆಗೆಸಿಕೊಂಡಿದ್ದು ಅಂಡಾಶಯ ಉಳಿದಿದ್ದರೆ ಮುಟ್ಟಿನ ಗುರುತೇ ಇರುವುದಿಲ್ಲ. ಅಲ್ಲಿ ಲಕ್ಷಣಗಳು ಸ್ಪಷ್ಟವಿಲ್ಲದಿದ್ದಾಗ ಪರೀಕ್ಷೆ ಸ್ವಲ್ಪ ಬೆಳಕು ಚೆಲ್ಲುತ್ತದೆ.

ಇನ್ನೊಂದು ಸಂದರ್ಭ ವಿರಳ, ಆದರೆ ತಪ್ಪಿಸಿಕೊಳ್ಳಬಾರದು. ಋತುಬಂಧದ ನಂತರ ಗಲ್ಲದ ಮೇಲೆ ನಾಲ್ಕು ಕೂದಲು ಮೂಡುವುದು ಸಾಮಾನ್ಯ. ಆದರೆ ಕೆಲವೇ ತಿಂಗಳಲ್ಲಿ ಮುಖ ಮತ್ತು ಎದೆಯ ಮೇಲೆ ಗಡಸು ಕೂದಲು ಹಬ್ಬಿ, ದನಿ ಗಡುಸಾಗಿ, ನೆತ್ತಿ ಬೋಳಾಗತೊಡಗಿದರೆ ಟೆಸ್ಟೊಸ್ಟೆರಾನ್ ಅಳೆಯಲೇಬೇಕು. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಅದಕ್ಕೆ ಕಾರಣವಾಗಿರಬಹುದು. ಅಡ್ರಿನಲ್ ಗ್ರಂಥಿಯಿಂದಲೇ ಹೆಚ್ಚಾಗಿ ಬರುವ ಡಿಎಚ್‌ಇಎ-ಎಸ್ ಅನ್ನೂ ಜೊತೆಗೆ ಅಳೆದರೆ ಹುಡುಕಾಟ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ.

ಅಳತೆಯೇ ಕಷ್ಟ

1977ರಲ್ಲಿ ಅಮೆರಿಕದ ವಿಜ್ಞಾನಿ ರೋಸಲಿನ್ ಯಾಲೊ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ರಕ್ತದಲ್ಲಿನ ಹಾರ್ಮೋನ್‌ಗಳನ್ನು ಪ್ರತಿಕಾಯಗಳ ಸಹಾಯದಿಂದ ಅಳೆಯುವ ವಿಧಾನಕ್ಕಾಗಿ. ಅವರು ಮತ್ತು ಸಾಲಮನ್ ಬರ್ಸನ್ ಅದನ್ನು ಮೊದಲು ರೂಪಿಸಿದ್ದು ಇನ್ಸುಲಿನ್‌ಗೆ. ಅದರಿಂದ ಬೆಳೆದ ಇಮ್ಯುನೊಅಸ್ಸೇ ಎಂಬ ಪದ್ಧತಿಯನ್ನೇ ಇಂದು ಬಹುತೇಕ ಪ್ರಯೋಗಾಲಯಗಳು ಬಳಸುತ್ತವೆ. ವೇಗವಾಗಿ, ಅಗ್ಗವಾಗಿ ನಡೆಯುವ ಈ ಪದ್ಧತಿ ಹಾರ್ಮೋನ್ ಧಾರಾಳವಾಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ.

ಋತುಬಂಧದ ನಂತರ ಅಳೆಯಬೇಕಾದದ್ದು ಅತ್ಯಲ್ಪ. ಪುರುಷರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 300ರಿಂದ 1000 ನ್ಯಾನೊಗ್ರಾಂ ಟೆಸ್ಟೊಸ್ಟೆರಾನ್ ಇದ್ದರೆ, ಮಹಿಳೆಯರಲ್ಲಿ ಇರುವುದು ಸುಮಾರು 15ರಿಂದ 70, ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಪುರುಷರ ಪ್ರಮಾಣಕ್ಕೆ ಹೊಂದಿಸಿದ ಪರೀಕ್ಷೆಯಲ್ಲಿ ಇದನ್ನು ಅಳೆಯುವುದು ಮೂಟೆ ತೂಗುವ ತಕ್ಕಡಿಯಲ್ಲಿ ಗುಲಗಂಜಿ ತೂಕದ ಚಿನ್ನ ಇಟ್ಟಂತೆ. ಮುಳ್ಳು ಅಲುಗಾಡಿದರೂ ಅದು ಚಿನ್ನದ ತೂಕವೋ ಗಾಳಿಯ ತೂಕವೋ ತಿಳಿಯದು. ರಕ್ತದಲ್ಲಿರುವ ಇತರ ಸ್ಟಿರಾಯ್ಡ್‌ಗಳನ್ನೂ (ಟೆಸ್ಟೊಸ್ಟೆರಾನ್‌ನಂಥದ್ದೇ ರಚನೆಯ ಹಾರ್ಮೋನ್‌ಗಳು) ಪ್ರತಿಕಾಯಗಳು ತಪ್ಪಾಗಿ ಹಿಡಿದುಕೊಂಡು ಅಂಕಿಯನ್ನು ಉಬ್ಬಿಸುತ್ತವೆ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ ಇದಕ್ಕಿಂತ ಎಷ್ಟೋ ನಿಖರ, ಆದರೆ ಎಲ್ಲೆಡೆ ಲಭ್ಯವಿಲ್ಲ. ಪರೀಕ್ಷೆ ಮಾಡಿಸಲೇಬೇಕಾದಾಗ ಯಾವ ವಿಧಾನದಲ್ಲಿ ಅಳೆಯುತ್ತಾರೆ ಎಂದು ಕೇಳುವುದು ಅರ್ಥಪೂರ್ಣ ಪ್ರಶ್ನೆ.

ಹಾರ್ಮೋನ್ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಯಕೃತ್ತು ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಟೆಸ್ಟೊಸ್ಟೆರಾನ್‌ನ ದೊಡ್ಡ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಿಯ ಮೂಲಕ ಈಸ್ಟ್ರೊಜೆನ್ ತೆಗೆದುಕೊಂಡರೆ ಈ ಪ್ರೋಟೀನ್ ಹೆಚ್ಚುತ್ತದೆ, ಸ್ಥೂಲಕಾಯದವರಲ್ಲಿ ಕಡಿಮೆಯಾಗುತ್ತದೆ. ಒಟ್ಟು ಅಂಕಿ ಒಂದೇ ಇದ್ದರೂ ಕೆಲಸಕ್ಕೆ ಸಿಗುವ ಪಾಲು ಬೇರೆ ಬೇರೆಯಾಗಿರಬಹುದು.

ಕೂದಲು, ಉಗುರು ಚೆನ್ನಾಗಿರಲೆಂದು ಅನೇಕರು ನುಂಗುವ ಬಯೋಟಿನ್ ಮಾತ್ರೆಯೂ ಹಲವು ಇಮ್ಯುನೊಅಸ್ಸೇ ಪರೀಕ್ಷೆಗಳನ್ನು ಕೆಡಿಸುತ್ತದೆ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡಿದ್ದರೆ ಎಫ್‌ಎಸ್‌ಎಚ್ ಇದ್ದುದಕ್ಕಿಂತ ಕಡಿಮೆಯಾಗಿ, ಎಸ್ಟ್ರಾಡಯಾಲ್ ಮತ್ತು ಟೆಸ್ಟೊಸ್ಟೆರಾನ್ ಹೆಚ್ಚಾಗಿ ಕಾಣಬಹುದು. ರಕ್ತ ಕೊಡುವ ಮೊದಲು ಈ ಮಾತ್ರೆಯ ವಿಷಯ ಹೇಳಲೇಬೇಕು. ಎಂಜಲಿನಲ್ಲಿ ಹಾರ್ಮೋನ್ ಅಳೆದು ‘ನಿಮಗಾಗಿಯೇ’ ಔಷಧ ಬೆರೆಸಿಕೊಡುವ ಸೇವೆಗಳನ್ನು ವೈದ್ಯಕೀಯ ಸಂಘಟನೆಗಳು ಬೆಂಬಲಿಸುವುದಿಲ್ಲ. ಎಂಜಲಿನ ಅಂಕಿ ಗಳಿಗೆಗೊಂದು ರೀತಿ ಇರುತ್ತದೆ, ಬೆರೆಸಿಕೊಟ್ಟ ಔಷಧದ ಪ್ರಮಾಣಕ್ಕೂ ಶುದ್ಧತೆಗೂ ಖಾತರಿ ಕಡಿಮೆ.

ಚಿಕಿತ್ಸೆಯಲ್ಲಿ ಕೊಡುವುದೇನು?

ಮುಖ್ಯ ಔಷಧ ಈಸ್ಟ್ರೊಜೆನ್. ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಮೈ ಬಿಸಿಯೇರುವ ಸಂಖ್ಯೆಯನ್ನು ಅದು ಔಷಧವಿಲ್ಲದ ಮಾತ್ರೆಗಿಂತ ಸುಮಾರು ಶೇ 75ರಷ್ಟು ಹೆಚ್ಚು ಇಳಿಸುತ್ತದೆ. ಇಷ್ಟು ಪರಿಣಾಮ ಬೇರಾವುದಕ್ಕೂ ಕಂಡಿಲ್ಲ. ಅದೇ ವಿಮರ್ಶೆಯಲ್ಲಿ ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿಯೂ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಯಾವುದೋ ಪುಡಿ, ಯಾವುದೋ ಗುಳಿಗೆ ‘ನನಗೆ ಗುಣ ಕೊಟ್ಟಿತು’ ಎಂಬ ಪ್ರಾಮಾಣಿಕ ಅನುಭವಗಳು ಅಷ್ಟೊಂದು ಕೇಳಿಬರುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ಹಾರ್ಮೋನ್ ಚಿಕಿತ್ಸೆ ಮೂಳೆಯ ಸವಕಳಿಯನ್ನೂ ತಡೆಯುತ್ತದೆ, ಸೊಂಟದ ಮೂಳೆ ಮುರಿಯುವ ಸಂಭವವನ್ನು ಮೂರನೇ ಒಂದರಷ್ಟು ಇಳಿಸುತ್ತದೆ.

ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಒಂಟಿ ಈಸ್ಟ್ರೊಜೆನ್‌ನಿಂದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಎಂಬುದು 1975ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ಗೊತ್ತಾಯಿತು. ಅಂದಿನಿಂದ ಪ್ರೊಜೆಸ್ಟೆರಾನ್ ಅಥವಾ ಅದರಂತೆ ಕೆಲಸ ಮಾಡುವ ಪ್ರೊಜೆಸ್ಟೊಜೆನ್ ಸೇರಿಸಿ ಒಳಪದರವನ್ನು ಕಾಪಾಡುತ್ತಾರೆ. ಮಾತ್ರೆಯ ಬದಲು, ಪ್ರೊಜೆಸ್ಟೊಜೆನ್ ಹೊರಸೂಸುವ ಸಾಧನವನ್ನು ಗರ್ಭಕೋಶದೊಳಗೆ ಇಡುವುದೂ ಉಂಟು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. 2025ರ ಪ್ರಕಟಣೆಯ ನಂತರವೂ ದೇಹಕ್ಕೆಲ್ಲ ಹರಡುವ ಒಂಟಿ ಈಸ್ಟ್ರೊಜೆನ್ ಔಷಧಗಳ ಮೇಲಿನ ಒಳಪದರದ ಕ್ಯಾನ್ಸರಿನ ಎಚ್ಚರಿಕೆಯನ್ನು ಎಫ್‌ಡಿಎ ತೆಗೆಯಲಿಲ್ಲ.

ಔಷಧ ಯಾವ ದಾರಿಯಿಂದ ಒಳಹೋಗುತ್ತದೆ ಎಂಬುದೂ ಮುಖ್ಯ. ನುಂಗಿದ ಮಾತ್ರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ತಯಾರಿಯನ್ನು ಹೆಚ್ಚಿಸುತ್ತದೆ. ಹಾಗಾಗಿ ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಚರ್ಮದ ಮೇಲೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ಮೂಲಕ ಬಂದ ಎಸ್ಟ್ರಾಡಯಾಲ್ ನೇರ ರಕ್ತಕ್ಕೆ ಸೇರುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಅದು ಈ ಅಪಾಯವನ್ನು ಹೆಚ್ಚಿಸಿದಂತೆ ಅಧ್ಯಯನಗಳಲ್ಲಿ ಕಂಡಿಲ್ಲ. ತೂಕ ಹೆಚ್ಚಿರುವವರಿಗೆ, ರಕ್ತ ಹೆಪ್ಪುಗಟ್ಟುವ ಸಂಭವ ಇರುವವರಿಗೆ ವೈದ್ಯರು ಚರ್ಮದ ದಾರಿ ಆರಿಸುವುದು ಇದಕ್ಕೇ.

ಯೋನಿ ಒಣಗುವುದು, ಸಂಭೋಗದಲ್ಲಿ ನೋವು, ಮೂತ್ರದ ಉರಿ, ಪದೇ ಪದೇ ಮೂತ್ರದ ಸೋಂಕು ಇವಷ್ಟೇ ತೊಂದರೆಯಾಗಿದ್ದರೆ ದೇಹಕ್ಕೆಲ್ಲ ಹಾರ್ಮೋನ್ ಕೊಡಬೇಕಿಲ್ಲ. ಯೋನಿಯೊಳಗೆ ಹಚ್ಚುವ ಕ್ರೀಮ್, ಇಡುವ ಮಾತ್ರೆ ಅಥವಾ ಉಂಗುರದಲ್ಲಿ ಅತಿ ಕಡಿಮೆ ಈಸ್ಟ್ರೊಜೆನ್ ಇರುತ್ತದೆ, ರಕ್ತಕ್ಕೆ ಸೇರುವುದು ನಗಣ್ಯ. ಇದಕ್ಕೆ ಜೊತೆಯಲ್ಲಿ ಪ್ರೊಜೆಸ್ಟೊಜೆನ್ ಕೂಡ ಬೇಡ. ಮೈ ಬಿಸಿಯೇರುವುದು ವರ್ಷಗಳಲ್ಲಿ ತಗ್ಗುತ್ತದೆ, ಆದರೆ ಈ ತೊಂದರೆಗಳು ಚಿಕಿತ್ಸೆಯಿಲ್ಲದೆ ಹೋಗುವುದು ಅಪರೂಪ. ಹೇಳಿಕೊಳ್ಳಲು ಸಂಕೋಚಪಟ್ಟು ಇಷ್ಟು ಸರಳ ಪರಿಹಾರದಿಂದ ದೂರ ಉಳಿದವರು ಬಹಳ ಮಂದಿ, ಅದು ನೋವಿನ ಸಂಗತಿ.

2002ರ ಹೆದರಿಕೆ ಮತ್ತು ಅದರ ಹಿಂದಿನ ಲೆಕ್ಕ

2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟೊಜೆನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಗಿತ್ತು. ಸುಮಾರು ಐದು ವರ್ಷಗಳ ನಂತರ ಲಾಭಕ್ಕಿಂತ ಹಾನಿ ಹೆಚ್ಚೆಂದು ಕಂಡಿತು. ಸುದ್ದಿ ಹರಡಿದ ವೇಗಕ್ಕೆ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು.

ಶೇಕಡಾವಾರಿನಲ್ಲಿ ಕೇಳಿದಾಗ ಭಯ ಹುಟ್ಟಿಸಿದ ಆ ಫಲಿತಾಂಶವನ್ನು ತಲೆ ಎಣಿಕೆಯಲ್ಲಿ ನೋಡಬೇಕು. ಹತ್ತು ಸಾವಿರ ಮಹಿಳೆಯರು ಒಂದು ವರ್ಷ ಮಾತ್ರೆ ತೆಗೆದುಕೊಂಡರೆ, ತೆಗೆದುಕೊಳ್ಳದವರಿಗೆ ಹೋಲಿಸಿದಾಗ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ, ಹೃದಯಾಘಾತದಂಥ ಘಟನೆಗಳು 30ರಿಂದ 37ಕ್ಕೆ, ಪಾರ್ಶ್ವವಾಯು 21ರಿಂದ 29ಕ್ಕೆ, ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಸೇರುವುದು 8ರಿಂದ 16ಕ್ಕೆ ಏರಿದವು. ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ, ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿದವು. ಈ ಅಪಾಯಗಳು ಸುಳ್ಳಲ್ಲ. ಆದರೆ ಅಂದು ಕೇಳಿಸಿದಷ್ಟು ದೊಡ್ಡವೂ ಆಗಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ವಯಸ್ಸು. ಅಧ್ಯಯನಕ್ಕೆ ಸೇರುವಾಗ ಈ ಮಹಿಳೆಯರ ಸರಾಸರಿ ವಯಸ್ಸು 63. ಮೂರರಲ್ಲಿ ಎರಡು ಪಾಲು ಜನ 60 ದಾಟಿದ್ದರು. ಋತುಬಂಧವಾಗಿ ಹತ್ತು ಹದಿನೈದು ವರ್ಷ ಕಳೆದ, ರಕ್ತನಾಳಗಳಲ್ಲಿ ಆಗಲೇ ಕೊಬ್ಬು ಕಟ್ಟಿಕೊಂಡಿರಬಹುದಾದ ವಯಸ್ಸು ಅದು. ಮರೆವಿನ ಕಾಯಿಲೆಯ ಅಪಾಯ ಕಂಡುಬಂದದ್ದೂ 65 ದಾಟಿದವರ ಉಪಅಧ್ಯಯನದಲ್ಲಿ. ಮೈ ಬಿಸಿಯೇರಿ ಕಷ್ಟಪಡುವ ಐವತ್ತರ ಮಹಿಳೆಯರಿಗೂ ಅದೇ ಫಲಿತಾಂಶವನ್ನು ಅಂಟಿಸಿಬಿಟ್ಟದ್ದು ಎರಡು ದಶಕಗಳ ಗೊಂದಲಕ್ಕೆ ಕಾರಣವಾಯಿತು. 2017ರಲ್ಲಿ ಪ್ರಕಟವಾದ ಹದಿನೆಂಟು ವರ್ಷಗಳ ಲೆಕ್ಕದಲ್ಲಿ, ಹಾರ್ಮೋನ್ ತೆಗೆದುಕೊಂಡವರ ಮತ್ತು ತೆಗೆದುಕೊಳ್ಳದವರ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ಹಾಗೆಂದು ಈಗ ಲೋಲಕವನ್ನು ಇನ್ನೊಂದು ತುದಿಗೆ ತಳ್ಳುವುದೂ ಸರಿಯಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಅನೇಕ ದೇಶಗಳ ಮಾಹಿತಿ ಸೇರಿಸಿದ ವಿಶ್ಲೇಷಣೆ ಸ್ತನ ಕ್ಯಾನ್ಸರಿನ ಲೆಕ್ಕವನ್ನು ಹೀಗೆ ಕೊಟ್ಟಿತು: ಹಾರ್ಮೋನ್ ಬಳಸದ ಸಾವಿರ ಮಹಿಳೆಯರಲ್ಲಿ 50ರಿಂದ 69 ವಯಸ್ಸಿನೊಳಗೆ 63 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಐವತ್ತರಲ್ಲಿ ಶುರುಮಾಡಿ ಐದು ವರ್ಷ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್ ಎರಡನ್ನೂ ದಿನವೂ ತೆಗೆದುಕೊಂಡರೆ 83 ಮಂದಿಗೆ, ಈಸ್ಟ್ರೊಜೆನ್ ಮಾತ್ರ ತೆಗೆದುಕೊಂಡರೆ 68 ಮಂದಿಗೆ. ಆದರೆ ಗರ್ಭಕೋಶ ತೆಗೆಸಿಕೊಂಡ 10,739 ಮಹಿಳೆಯರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟು ನೋಡಿದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಕಂಡಿತ್ತು. ಈ ಎರಡು ಫಲಿತಾಂಶಗಳು ಪೂರ್ತಿ ಹೊಂದುವುದಿಲ್ಲ, ತಜ್ಞರ ನಡುವೆ ಚರ್ಚೆ ಮುಂದುವರಿದಿದೆ. ಎರಡೂ ಔಷಧ ಸೇರಿದಾಗ ಅಪಾಯ ಹೆಚ್ಚು, ಬಳಸಿದ ವರ್ಷಗಳು ಹೆಚ್ಚಿದಂತೆ ಅದೂ ಏರುತ್ತದೆ ಎಂಬುದರಲ್ಲಿ ಮಾತ್ರ ಹೆಚ್ಚಿನ ತಕರಾರಿಲ್ಲ.

ಯಾರಿಗೆ ಸೂಕ್ತ, ಯಾರಿಗೆ ಬೇಡ?

ಇಂದಿನ ಮಾರ್ಗಸೂಚಿಗಳ ಸಾಮಾನ್ಯ ನಿಲುವು ಇದು: 60ರೊಳಗಿನವರಲ್ಲಿ, ಅಥವಾ ಋತುಬಂಧವಾಗಿ ಹತ್ತು ವರ್ಷ ದಾಟದವರಲ್ಲಿ, ಮೈ ಬಿಸಿಯೇರುವುದು ಮತ್ತು ರಾತ್ರಿಯ ಬೆವರು ಬದುಕನ್ನು ಕಾಡುತ್ತಿದ್ದು ಬೇರೆ ಅಡ್ಡಿಗಳಿಲ್ಲದಿದ್ದರೆ, ಚಿಕಿತ್ಸೆಯ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಸ್ತನ ಕ್ಯಾನ್ಸರ್ ಬಂದುಹೋದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ರಕ್ತ ಹೆಪ್ಪುಗಟ್ಟುವ ಕಾಯಿಲೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಯಕೃತ್ತಿನ ಸಕ್ರಿಯ ಕಾಯಿಲೆ ಇರುವವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಲಕ್ಷಣಗಳೇ ಇಲ್ಲದವರಿಗೆ ಹೃದ್ರೋಗ ಅಥವಾ ಮರೆವು ತಡೆಯಲೆಂದೇ ಹಾರ್ಮೋನ್ ಕೊಡಲು ಮಾರ್ಗಸೂಚಿಗಳು ಹೇಳುವುದಿಲ್ಲ. ಎಷ್ಟು ವರ್ಷ ಎಂಬುದಕ್ಕೆ ಎಲ್ಲರಿಗೂ ಒಂದೇ ಗಡುವಿಲ್ಲ, ವರ್ಷಕ್ಕೊಮ್ಮೆ ಕುಳಿತು ಮರುಯೋಚಿಸಬೇಕು.

ಹಾರ್ಮೋನ್ ಸಲ್ಲದವರಿಗೂ ದಾರಿಗಳಿವೆ. ಮೊದಲೇ ಹೇಳಿದ ನ್ಯೂರೊಕೈನಿನ್ ಬಿ ಕೆಲಸವನ್ನು ತಡೆಯುವ ಫೆಜೊಲಿನೆಟಾಂಟ್ ಎಂಬ ಔಷಧಕ್ಕೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಬಳಸುವಾಗ ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆಯಿಂದ ತೊಂದರೆಯ ಕಾಟ ತಗ್ಗುತ್ತದೆ ಎಂಬುದಕ್ಕೂ ಪುರಾವೆಯಿದೆ.

ಟೆಸ್ಟೊಸ್ಟೆರಾನ್ ಕುರಿತು

ಋತುಬಂಧವಾದ ಕೂಡಲೇ ಟೆಸ್ಟೊಸ್ಟೆರಾನ್ ಕುಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಇಪ್ಪತ್ತರ ಹರೆಯದಿಂದಲೇ ನಿಧಾನವಾಗಿ ಇಳಿಯುತ್ತಾ, ನಲವತ್ತರ ಹೊತ್ತಿಗೆ ಸುಮಾರು ಅರ್ಧಕ್ಕೆ ಬಂದಿರುತ್ತದೆ. ಮುಟ್ಟು ನಿಲ್ಲುವಾಗ ವಿಶೇಷ ಕುಸಿತವೇನೂ ಆಗುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆದರೆ ಮಾತ್ರ ಒಮ್ಮೆಲೇ ಇಳಿಯುತ್ತದೆ.

2019ರಲ್ಲಿ ಹಲವು ಅಂತರರಾಷ್ಟ್ರೀಯ ವೈದ್ಯಕೀಯ ಸಂಘಟನೆಗಳು ಒಟ್ಟಾಗಿ ಒಂದು ನಿಲುವನ್ನು ಪ್ರಕಟಿಸಿದವು. ಋತುಬಂಧದ ನಂತರ ಲೈಂಗಿಕ ಆಸಕ್ತಿ ಕುಂದಿ, ಅದರಿಂದ ಮಹಿಳೆಗೆ ಮನೋವ್ಯಥೆಯಾಗುತ್ತಿದ್ದರೆ, ಬೇರೆ ಕಾರಣಗಳನ್ನು ನೋಡಿದ ಮೇಲೆ ಟೆಸ್ಟೊಸ್ಟೆರಾನ್ ಪ್ರಯತ್ನಿಸಬಹುದು. ಸಾಕಷ್ಟು ಪುರಾವೆ ಇರುವುದು ಇದೊಂದಕ್ಕೇ. ದಣಿವು, ಮಂಕು ಕವಿದಂಥ ಮನಸ್ಸು, ಸ್ನಾಯುಬಲ, ಮೂಳೆ, ತೂಕ ಇಳಿಕೆ ಇವುಗಳಿಗಾಗಿ ಕೊಡಲು ಆಧಾರ ಸಾಲದು. ಇಂಥ ಅಂಕಿಗಿಂತ ಕೆಳಗಿದ್ದರೆ ಆಸಕ್ತಿ ಕುಂದುತ್ತದೆ ಎನ್ನುವ ಗಡಿಯೂ ಸಿಕ್ಕಿಲ್ಲ, ಆದ್ದರಿಂದ ‘ನಿಮ್ಮಲ್ಲಿ ಟೆಸ್ಟೊಸ್ಟೆರಾನ್ ಕೊರತೆಯಿದೆ’ ಎಂದು ರಕ್ತ ನೋಡಿ ಹೇಳಲಾಗದು.

ಪರೀಕ್ಷೆಗೆ ಇಲ್ಲಿ ಬೇರೆಯದೇ ಕೆಲಸವಿದೆ. ಶುರುಮಾಡುವ ಮೊದಲು ಅಂಕಿ ಆಗಲೇ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂರರಿಂದ ಆರು ವಾರದ ಮೇಲೆ ಮತ್ತೆ ಅಳೆದು ಅದು ಮಹಿಳೆಯರ ಮಿತಿಯನ್ನು ದಾಟಿಲ್ಲವೆಂದು ನೋಡಬೇಕು, ನಂತರ ಆರು ತಿಂಗಳಿಗೊಮ್ಮೆ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಆಸ್ಟ್ರೇಲಿಯಾ 2020ರಲ್ಲಿ ಮಹಿಳೆಯರಿಗೆಂದೇ ತಯಾರಾದ ಕ್ರೀಮ್‌ಗೆ ಅನುಮತಿ ಕೊಟ್ಟಿತು. ಬೇರೆ ಹಲವೆಡೆ ಪುರುಷರ ಜೆಲ್‌ನ ಸುಮಾರು ಹತ್ತನೇ ಒಂದು ಪಾಲನ್ನು ಎಚ್ಚರಿಕೆಯಿಂದ ಬಳಸುತ್ತಾರೆ. ಚರ್ಮದಡಿ ಹುದುಗಿಸುವ ಗುಳಿಗೆಗಳು ಅತಿಯಾದ ಪ್ರಮಾಣ ಬಿಡುಗಡೆ ಮಾಡಬಲ್ಲವು, ಬೇಡವೆಂದಾಗ ತೆಗೆಯುವುದೂ ಕಷ್ಟ. ಅತಿಯಾದರೆ ಮೊಡವೆ, ಬೇಡದ ಕೂದಲು ಬರುತ್ತವೆ, ದನಿಯೂ ಗಡುಸಾಗಬಹುದು. ಹಾಗೆ ಬದಲಾದ ದನಿ ಮರಳದಿರಬಹುದು.

ಚಿಕಿತ್ಸೆ ನಡೆಯುತ್ತಿರುವಾಗ

ಈಸ್ಟ್ರೊಜೆನ್ ಚಿಕಿತ್ಸೆ ಶುರುವಾದ ಮೇಲೆ ಪದೇ ಪದೇ ರಕ್ತಪರೀಕ್ಷೆ ಬೇಕಿಲ್ಲ. ನಿದ್ರೆ ಮರಳಿತೇ, ಬೆವರು ನಿಂತಿತೇ ಎಂಬ ಪ್ರಶ್ನೆಗಳ ಉತ್ತರದ ಮೇಲೆ ಪ್ರಮಾಣ ಹೊಂದಿಸುತ್ತಾರೆ. ಎಫ್‌ಎಸ್‌ಎಚ್ ಇಳಿದರೂ ಹಳೆಯ ಮಟ್ಟಕ್ಕೆ ಬರುವುದಿಲ್ಲ, ಅದನ್ನು ಗುರಿಯಾಗಿಟ್ಟುಕೊಳ್ಳಬಾರದು. ನುಂಗಿದ ಎಸ್ಟ್ರಾಡಯಾಲ್‌ನ ಬಹುಭಾಗ ಎಸ್ಟ್ರೋನ್ ಆಗಿ ಬದಲಾಗುವುದರಿಂದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಸ್ಟ್ರಾಡಯಾಲ್ ಅಂಕಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಪಟ್ಟಿ ಅಥವಾ ಜೆಲ್ ಅನ್ನು ಸರಿಯಾದ ಪ್ರಮಾಣದಲ್ಲಿ ಬಳಸಿಯೂ ಏನೂ ಗುಣ ಕಾಣದಿದ್ದಾಗ, ಚರ್ಮ ಔಷಧವನ್ನು ಹೀರಿಕೊಳ್ಳುತ್ತಿದೆಯೇ ಎಂದು ತಿಳಿಯಲು ಒಮ್ಮೆ ಅಳೆಯುವುದು ಸರಿ. ರಕ್ತದೊತ್ತಡ ನೋಡಿಸುವುದು, ವಯಸ್ಸಿಗೆ ತಕ್ಕ ಸ್ತನ ತಪಾಸಣೆ ತಪ್ಪಿಸದಿರುವುದು ಹಾರ್ಮೋನ್ ಅಳತೆಗಿಂತ ಹೆಚ್ಚು ಉಪಯುಕ್ತ.

ಹಾರ್ಮೋನ್ ಶುರುಮಾಡಿದ ಮೊದಲ ಮೂರರಿಂದ ಆರು ತಿಂಗಳು ಅಲ್ಪಸ್ವಲ್ಪ ರಕ್ತ ಕಾಣುವುದುಂಟು, ಆಗಲೂ ವೈದ್ಯರಿಗೆ ತಿಳಿಸಿಡಬೇಕು. ಅದು ನಿಲ್ಲದಿದ್ದರೆ ಅಥವಾ ನಿಂತು ಮತ್ತೆ ಬಂದರೆ ತಪಾಸಣೆ ಆಗಲೇಬೇಕು. ಯಾವ ಹಾರ್ಮೋನನ್ನೂ ತೆಗೆದುಕೊಳ್ಳದವರಲ್ಲಿ ಋತುಬಂಧವಾಗಿ ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ಹೀಗೆ ರಕ್ತ ಕಂಡವರಲ್ಲಿ ಸುಮಾರು ಶೇ 9ರಷ್ಟು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಆ ಕ್ಯಾನ್ಸರ್ ಇರುವ ಹತ್ತರಲ್ಲಿ ಒಂಬತ್ತು ಮಹಿಳೆಯರಿಗೆ ಅದು ಮೊದಲು ತಿಳಿಯುವುದು ಈ ರಕ್ತಸ್ರಾವದಿಂದಲೇ, ಬೇಗ ಸಿಕ್ಕರೆ ಬಹುತೇಕ ಗುಣವಾಗುತ್ತದೆ. ಒಳಪದರದ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. ನಾಲ್ಕು ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಾಣುತ್ತಿದ್ದರೆ, ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.